ಹಣಮಪ್ಪ ಎದ್ದ ಬಯಲು

ಸಂಗಾಪುರ ನಗರದ ರೈಲ್ವೆ ಗೇಟು ದಾಟಿದರೆ ಮಾರುತಿ ಅಥ್ಲೆಟಿಕ್ ಕ್ಲಬ್ಬಿನ ಮೈದಾನ ಸಿಗುತ್ತದೆ. ಬೋರ್ಡಿನ ಮೇಲಿರುವ ಈ ಹೆಸರು ಹೇಳಿದರೆ ಆಟೋದವನು ಪಿಳಿಪಿಳಿ ನೋಡುತ್ತಾನೆ. 'ಹಣಮಪ್ಪ ಎದ್ದ ಬಯಲು' ಅನ್ನಿ, ತಂದು ಬಿಡುತ್ತಾನೆ. ಬೆಳಿಗ್ಗೆ ಅಲ್ಲಿ ನಿಂತವರೆಂಬುವರೇ ಇಲ್ಲ. ಓಡುವವರು, ಜಿಗಿಯುವವರು, ಈಟಿ ಎಸೆಯುವವರು, ನನ್ನಂತೆ ಕೈಬೀಸಿ ನಡೆಯುವ ಪಿಂಚಣಿದಾರರು. ಆ ನೆಲಕ್ಕೆ ಕಾಲಿಟ್ಟವರು ಸುಮ್ಮನೆ ಕೂರಲಾರರು ಎನ್ನುತ್ತಾರೆ. ಇದ್ದೀತು, ದೇವರನ್ನೇ ಎಬ್ಬಿಸಿದ ನೆಲವಲ್ಲವೇ! ಬಯಲಿನ ನಟ್ಟನಡುವೆ ಒಂದು ಕಲ್ಲುಕಟ್ಟೆಯಿದೆ, ಅದರ ಮೇಲೆ ಏನೂ ಇಲ್ಲ. ದೇವರಿರುವುದು ಓಟದ ಗೆರೆಯಾಚೆ, ಮೂಡಣ ಅಂಚಿನಲ್ಲಿ. ಹೊಸಬರು ಇದೇಕೆ ಹೀಗೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ ಎಂದೇ ನಾನು ಅಲ್ಲಿ ಸುಳಿದಾಡುತ್ತಿರುತ್ತೇನೆ.

ಹಿಂದೆ ಒಮ್ಮೆ, ನಮ್ಮ ಅಜ್ಜಂದಿರ ಕಾಲದಲ್ಲಿ, ಇದು ಕುಸ್ತಿ ಕಲಿಸುತ್ತಿದ್ದ ಫಕ್ಕೀರಪ್ಪ ವಸ್ತಾದರ ಗರಡಿ ಬಯಲಾಗಿತ್ತು. ಅಂಚೆ ಕಚೇರಿಯ ತಂತಿ ಹಂಚುವ ಯಮನೂರಪ್ಪನೆಂಬ ತರುಣ ಅವರಿಗೆ ಗಂಟುಬಿದ್ದ. ಕುಸ್ತಿಯ ಮೈ ಅವನದಲ್ಲ; ಕಾಲುಗಳು ಮಾತ್ರ ಊಟಕ್ಕೆ ಕೂತಾಗಲೂ ಕುಣಿಯುತ್ತಿದ್ದವಂತೆ. "ಇವನ್ನ ಹಿಡದು ನಿಲ್ಲಸಾಕ ಆಗೂದಿಲ್ಲ, ಓಡಸೂನು" ಎಂದು ವಸ್ತಾದರು ಆಗ ಹಣಮಪ್ಪನ ಮೂರ್ತಿಯಿದ್ದ ನಡುಗಟ್ಟೆಯ ಸುತ್ತ ಸುಣ್ಣದ ಗೆರೆ ಎಳೆಸಿದರು. ಕ್ಲಬ್ಬು ಹುಟ್ಟಿದ್ದು ಹಾಗೆ. ಅಷ್ಟರಲ್ಲಿ ಪುರಸಭೆ ಅಧ್ಯಕ್ಷರಿಗೆ ಅಲ್ಲಿ ಹತ್ತಿ ಮಾರುಕಟ್ಟೆ ಕಟ್ಟಿಸುವ ಹುಕಿ ಬಂತು. ವಸ್ತಾದರು ಹೋಗಿ ಜಗಳವಾಡಿದ್ದಕ್ಕೆ, "ಬರೂ ಜಿಲ್ಲಾ ಪಂದ್ಯದಾಗ ನಿಮ್ಮವ ಒಬ್ಬನರೆ ಮೊದಲ ಬರಲಿ, ಬಯಲು ನಿಮ್ಮದ" ಎಂದರಂತೆ.

ಹಿಂದಿನ ವರ್ಷ ಯಮನೂರಪ್ಪ ಇದೇ ಪಂದ್ಯದ ಮೈಲು ಓಟದಲ್ಲಿ ನೇರ ದಾರಿಯಲ್ಲೆಲ್ಲ ಮುಂದಿದ್ದು, ತಿರುವು ಬಂದಲ್ಲೆಲ್ಲ ಹೊರಕ್ಕೆ ಜಾರಿ ಆರನೆಯವನಾಗಿದ್ದ. ಏಕೆಂದು ಯಾರಿಗೂ ಹೊಳೆದಿರಲಿಲ್ಲ. ಪಂದ್ಯಕ್ಕೆ ತಿಂಗಳಿರುವಾಗ ರಜೆಗೆ ಬಂದಿದ್ದ ಹವಾಲ್ದಾರನೊಬ್ಬ ಅಭ್ಯಾಸ ನೋಡಿ ಬಿದ್ದುಬಿದ್ದು ನಕ್ಕ.

"ಏನ್ರೀ ವಸ್ತಾದರ, ಜಗತ್ತೆಲ್ಲಾ ಎಡಕ್ಕ ಹೊಳ್ಳಿ ಓಡತೈತಿ, ನಿಮ್ಮವ ಬಲಕ್ಕ ಹೊಳ್ಳತಾನಲ್ರಿ!"

"ಮತ್ತ? ದೇವರನ್ನ ಎಡಕ್ಕ ಬಿಟ್ಟು ಸುತ್ತಾಕ ಇಲ್ಲೇನು ಹೆಣಾ ಎತ್ತಾಕತ್ತೇವೇನು?"

ಜಿಲ್ಲಾ ಪಂದ್ಯದ ಎಡಸುತ್ತನ್ನು ವಸ್ತಾದರು ಕಂಡಿದ್ದರು. ಅದು ಆ ಊರಿನ ರೂಢಿ ಎಂದುಕೊಂಡಿದ್ದರು! ಬೇರೆಲ್ಲಾದರೂ ಓಡಿಸಬಾರದಿತ್ತೇ ಎನ್ನುತ್ತೀರಿ. ಸುತ್ತಲೆಲ್ಲ ಕಾಲು ಹುಗಿಯುವ ಎರೆಮಣ್ಣು, ಗಟ್ಟಿ ಗರಸು ನೆಲ ಇದೊಂದೇ. ಗುರುವಿನ ಕಣ್ಣು ತಪ್ಪಿಸಿ ಯಮನೂರಪ್ಪ ಒಮ್ಮೆ ಎಡಕ್ಕೆ ಹೊರಟನಂತೆ. ನಾಲ್ಕು ಹೆಜ್ಜೆಗೇ ನಿಂತ. "ಕಾಲು ಏಳವಲ್ವು ಅಜ್ಜಾ, ದೇವರು ನೋಡಾಕತ್ತಾನ" ಎಂದು ತಾನೇ ಬಂದು ಒಪ್ಪಿಕೊಂಡ. ಅಂದಿನಿಂದ ವಸ್ತಾದರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಟ್ಟೆಯನ್ನು ಬಲಕ್ಕೆ ಸುತ್ತುವರು, ಗೆರೆ ನೋಡುವರು, ಮತ್ತೆ ಸುತ್ತುವರು. ಮೂರನೆಯ ದಿನ ಸುಡುಬಿಸಿಲಲ್ಲಿ, ಗರಡಿಯ ಶಿಷ್ಯರೆಲ್ಲ ನೋಡುತ್ತಿರುವಂತೆ, ಹಣಮಪ್ಪನಿಗೆ ಎಣ್ಣೆ ಹಚ್ಚಿ ಎದುರು ನಿಂತರು.

"ಸಮುದ್ರಾ ಜಿಗದಾಂವ ನೀ. ನಲವತ್ತು ಹೆಜ್ಜಿ ಸರಿಯಾಕ ಏನು ಧಾಡಿ? ಬಯಲ ಹೋದ್ರ ನಿನ್ನ ಸುತ್ತೂದು ಹತ್ತಿ ಚಕ್ಕಡಿ!"

ಹೀಗೆಂದವರೇ ಎದುರಾಳಿಯನ್ನು ಅಪ್ಪುವಂತೆ ದೇವರನ್ನು ಅಪ್ಪಿಕೊಂಡರು. ಆರು ಮಂದಿಗೆ ಮಿಸುಕದ ಕಲ್ಲು ಬುಡಸಮೇತ ಮೇಲೆದ್ದಿತಂತೆ. ಎಲ್ಲೂ ಇಳಿಸದೆ ಗೆರೆ ದಾಟಿಸಿ, ಕೈ ಸೋತಲ್ಲಿ ಇಟ್ಟರು. ಮುಂದೆ ಯಾರು ಹೊಗಳಿದರೂ ಅವರದು ಒಂದೇ ಮಾತು: "ನಾ ಎತ್ತಲಿಲ್ಲೋ. ಅಂವ ಎದ್ದ, ನಾ ದಾರಿ ತೋರಿಸಿದೆ." ಮರುಬೆಳಗಿನಿಂದ ಯಮನೂರಪ್ಪ ಎಡಕ್ಕೆ ಓಡಿದ; ದೇವರೀಗ ಗೆರೆಯಾಚೆ, ಅವನ ಬಲಕ್ಕೇ ಇದ್ದ. ಪಂದ್ಯದಲ್ಲಿ ಕಡೇ ತಿರುವಿನವರೆಗೂ ಮೂರನೆಯವನಾಗಿದ್ದವನು ಆ ತಿರುವಿನಲ್ಲೇ ಇಬ್ಬರನ್ನೂ ಹಿಂದೆ ಹಾಕಿದ. ಅಧ್ಯಕ್ಷರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಹತ್ತಿ ಮಾರುಕಟ್ಟೆ ಸ್ಟೇಷನ್ನಿನ ಆಚೆಗೆ ಹೋಯಿತು.

ಈಗಲೂ ನಮ್ಮ ಓಟಗಾರರು ಅಭ್ಯಾಸ ಮುಗಿಸಿ, ಬರಿಗಟ್ಟೆಯನ್ನು ಬಲಕ್ಕೊಮ್ಮೆ ನಿಧಾನವಾಗಿ ಸುತ್ತಿಯೇ ಮನೆಗೆ ಹೋಗುವುದು. ಇನ್ನು ಹಣಮಪ್ಪನ ಬಳಿ ಹೋಗಿ ನೋಡಿ. ಅವಸರದಲ್ಲಿ ಇಳಿಸಿದ ಮೂರ್ತಿ ಓಟದ ಗೆರೆಯತ್ತ ನಾಲ್ಕು ಬೆರಳು ವಾಲಿದೆ. ನೆಟ್ಟಗೆ ಮಾಡುತ್ತೇವೆಂದು ಕಲ್ಲು ಕಟ್ಟುವ ಗೌಂಡಿಗಳು ಎರಡು ಸಲ ಬಂದರು, ಕ್ಲಬ್ಬಿನವರು ಚಹಾ ಕುಡಿಸಿ ವಾಪಸು ಕಳಿಸಿದರು. ಕಡೇ ಸುತ್ತಿನ ಓಟವನ್ನು ನೆಟ್ಟಗೆ ನಿಂತು ನೋಡಿದವರುಂಟೇ?