ಕರ್ಲಾ ಬೆಟ್ಟದ ಮೂರು ಒಗಟು

“ಕೇಳಿರಿ! ಕರ್ಲಾ ಬೆಟ್ಟದ ನೆತ್ತಿಯಿಂದ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿ ಬರುವ ಧೀರನಿಗೆ ಅರಸರು ಮಗಳು ಪಾಲ್ಮೊಳನ್ನು ಕೊಟ್ಟು ಮದುವೆ ಮಾಡುವರು! ಹತ್ತುವ ಮುನ್ನ ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ತಪ್ಪಿದವನ ತಲೆ ಉಳಿಯದು!”

ಡಂಗುರ ಕೇಳಿ ಪಾಲ್ಮೊ ರೇಗಿದಳು. “ಅಪ್ಪಾ, ತಲೆ ತೆಗೆಸುತ್ತೇನೆಂದು ನಾನೆಲ್ಲಿ ಹೇಳಿದೆ? ಒಗಟು ತಿಳಿಯದವನನ್ನು ಬೆಟ್ಟವೇ ಮುಗಿಸುತ್ತದೆ ಅಂದೆ. ಹೋದ ಚಳಿಗಾಲ ಹಿಮ ಅಗೆದು ಹೆಣ ತೆಗೆದದ್ದು ಸಾಲದೇ?”

“ನನಗೆ ಧೀರ ಅಳಿಯ ಬೇಕು,” ಎಂದ ಅರಸ.

ರಾಜಕುಮಾರರು ಸಾಲುಗಟ್ಟಿ ಬಂದರು. ಪಾಲ್ಮೊ ಕೇಳಿದಳು: “ಗಾಳಿ ಹೊತ್ತು ತಂದು ಇಳಿಜಾರಿನಲ್ಲಿ ಮಲಗಿಸುತ್ತದೆ. ಮೇಲೆ ಕಾಲಿಟ್ಟವನನ್ನು ಎದ್ದು ನುಂಗುತ್ತದೆ. ಏನದು?”

“ಹಿಮಚಿರತೆ!” ಎಂದನೊಬ್ಬ.

“ಚಿರತೆಯನ್ನು ಗಾಳಿ ಹೊತ್ತು ತರುತ್ತದೆಯೇ?”

“ಜೋರು ಗಾಳಿಯಾದರೆ...”

ಅವಳು ನಿಟ್ಟುಸಿರಿಟ್ಟು ಎರಡನೆಯದನ್ನು ಕೇಳಿದಳು: “ಮೇಲೂ ಗಟ್ಟಿ, ಕೆಳಗೂ ಗಟ್ಟಿ, ನಡುವೆ ಸಕ್ಕರೆ. ಆದರೆ ಸಿಹಿಯಲ್ಲ.”

“ಮಿಠಾಯಿ!” ಎಂದ ಜಿಗ್ಮೆತ್ ಎಂಬ ರಾಜಕುಮಾರ.

“ಸಿಹಿಯಲ್ಲ ಅಂದೆನಲ್ಲ!”

“ಹಾಗಾದರೆ ಹಳಸಿದ ಮಿಠಾಯಿ.”

ತಪ್ಪು ಹೇಳಿದವರನ್ನೆಲ್ಲ ಅವಳು ಸೆರೆಮನೆಗೆ ಕಳಿಸಿದಳು, ಅಲ್ಲಾದರೂ ಬದುಕಿರಲಿ ಎಂದು. ಜಿಗ್ಮೆತ್ ಮಾತ್ರ ಕಾವಲುಗಾರರಿಂದ ನುಣುಚಿಕೊಂಡು, ಹಲಗೆ ಹೊತ್ತು ಬೆಟ್ಟದತ್ತ ಓಡಿದ.

ಕೊನೆಗೆ ಬಂದವನು ಸೌದೆ ಹೊರುವ ರಿಗ್ಜಿನ್. ಪಾಲ್ಮೊ ಅವನಿಗೆ ಮೊದಲೆರಡು ಒಗಟನ್ನೂ ಹೇಳಿ, ಮೂರನೆಯದನ್ನು ಕೇಳಿದಳು: “ಯಾವ ದಾರಿ ಹಿಡಿದವನು ತುದಿ ಮುಟ್ಟದೆಯೂ ಗೆಲ್ಲುತ್ತಾನೆ?”

“ಈಗಷ್ಟೇ ಆ ದಾರಿಯಲ್ಲೇ ಬಂದೆ ತಾಯಿ. ಅದು ವಾಪಸು ಬರುವ ದಾರಿ,” ಎಂದ. “ಬುಡದಲ್ಲಿ ಗುಂಡಿ ತೋಡಿ ನೋಡಿದೆ. ಗಾಳಿ ತಂದು ಪೇರಿಸಿದ ಹಿಮ ಹಲಗೆಯಂತೆ ಬಿಗಿದಿದೆ. ಅದರಡಿ ಸಕ್ಕರೆಯಂಥ ಸಡಿಲ ಹರಳು, ಅದರಡಿ ಹಳೆಯ ಗಟ್ಟಿ ಹಿಮ. ಕಾಲಿಟ್ಟರೆ ಒಳಗೆ ಧಪ್ಪೆಂದು ಕುಸಿಯುತ್ತದೆ. ಹಿಂದಿನ ಎರಡು ಒಗಟಿಗೂ ಉತ್ತರ ಅದೇ.”

“ಹೆದರಿ ಬಂದೆಯಾ?” ಅರಸ ಗದರಿದ.

“ಹೌದು ಪ್ರಭು. ಹೋದ ವರ್ಷ ಇದೇ ಸದ್ದು ಕೇಳಿ, ತಿರುಗೋಣ ಅಂದೆ. ಅಣ್ಣ ನಕ್ಕು ಮುಂದೆ ಹೋದ.”

ಅಷ್ಟರಲ್ಲಿ ಬೆಟ್ಟ ಗುಡುಗಿತು. ಇಡೀ ಇಳಿಜಾರು ಬಿರುಕುಬಿಟ್ಟು ಉರುಳತೊಡಗಿತು.

“ಜಿಗ್ಮೆತ್!” ಎನ್ನುತ್ತಾ ಪಾಲ್ಮೊ ಸಲಿಕೆ ಹಿಡಿದು ಓಡಿದಳು. ರಿಗ್ಜಿನ್ ಉದ್ದನೆಯ ಕೋಲು ಹಿಡಿದು ಹಿಂದೆಯೇ ಓಡಿದ. ಮೇಲೆ ಇನ್ನು ಉರುಳುವಂಥದ್ದೇನೂ ಉಳಿದಿಲ್ಲವೆಂದು ನೋಡಿಕೊಂಡು, ಹಿಮಕ್ಕೆ ಕೋಲು ಚುಚ್ಚುತ್ತಾ ಹೋದ. ಒಂದೆಡೆ ಮೆತ್ತಗೆ ತಗುಲಿತು. ಇಬ್ಬರೂ ಅಗೆದರು. ನೀಲಿಗಟ್ಟಿದ ಮುಖ ಹೊರಬಂತು. ಕೆಮ್ಮಿ ಕಣ್ಣುಬಿಟ್ಟ ಜಿಗ್ಮೆತ್ ಕೇಳಿದ: “ನನ್ನ ಹಲಗೆ ಎಲ್ಲಿ?”

ಪಾಲ್ಮೊ ಸಲಿಕೆ ಎಸೆದು ಅಲ್ಲೇ ಕುಕ್ಕರಿಸಿದಳು. “ಇವನನ್ನು ಮತ್ತೆ ಹೂಳಿಬಿಡಲೇ?”

ಏದುಸಿರು ಬಿಡುತ್ತಾ ಬಂದ ಅರಸ ಇದನ್ನೆಲ್ಲ ಕಂಡು ತಲೆತಗ್ಗಿಸಿದ. ಡಂಗುರ ರದ್ದಾಯಿತು, ಸೆರೆಯಲ್ಲಿದ್ದವರು ಮನೆಗೆ ಹೋದರು. “ರಿಗ್ಜಿನ್, ಮಗಳು ನಿನ್ನವಳು,” ಎಂದ.

“ಅವರನ್ನೇ ಕೇಳುತ್ತೇನೆ ಪ್ರಭು,” ಎಂದ ರಿಗ್ಜಿನ್, ಅವಳತ್ತ ತಿರುಗಿ.

“ಸದ್ಯ, ಕೇಳುವವನೊಬ್ಬ ಸಿಕ್ಕಿದ! ನಿನ್ನನ್ನೇ ಮದುವೆಯಾಗುತ್ತೇನೆ,” ಎಂದಳು ಪಾಲ್ಮೊ. “ಮೊದಲು ಬಿಸಿ ಚಹಾ ಕೊಡಿಸು, ಕೈ ಮರಗಟ್ಟಿದೆ.”

ಹಿಮ ಕರಗಿ ಹುಲ್ಲು ಚಿಗುರಿದಾಗ ಮದುವೆಯಾಯಿತು. ಬೆಟ್ಟಕ್ಕೆ ಯಾರು ಯಾವಾಗ ಹೋಗಬಹುದೆಂದು ಹೇಳುವ ಅಧಿಕಾರವನ್ನು ಅರಸ ಅಳಿಯನಿಗೇ ಬಿಟ್ಟುಕೊಟ್ಟ.