ಕಾದು ಕೂತವನ ಮೊಟ್ಟೆ

"ಕೇಳ್ರಪ್ಪೋ ಕೇಳಿ! ಬಿಳಿದುರ್ಗದ ದೊರೆಗಳ ಮೂರು ಒಗಟು ಬಿಡಿಸಿದವರು ಕೇಳಿದ್ದು ಪಡೆಯಬಹುದು. ತಪ್ಪಿದವರ ತಲೆ ಹೋಗುತ್ತದೆ!"

ತಿಂಗಳಿಂದ ಇದನ್ನೇ ಸಾರಿ ಸಾರಿ ಡಂಗುರದವನ ಗಂಟಲೇ ಬಿದ್ದುಹೋಗಿತ್ತು.

ಮೊಟ್ಟೆ ಮಾರುವ ಸಣ್ಣೀರ ಮೂರು ದಿನ ನಡೆದು ಅರಮನೆ ಮುಟ್ಟಿದ. ಆಸೆಗೆ ಬಂದವನಲ್ಲ, ಪಾಪ. ಆಸೆಗೆ ಬಿದ್ದು ಬಂದವನು ಅವನ ಅಣ್ಣ ಜವರ. ಎಲ್ಲದಕ್ಕೂ ಆತುರದ ಜವರ ತಪ್ಪುತ್ತರ ಹೇಳಿ ಸೆರೆಯಲ್ಲಿದ್ದ. ಇವತ್ತು ಸೂರ್ಯ ಮುಳುಗಿದರೆ ಅವನ ತಲೆ ಹೋಗುವುದಿತ್ತು. ಒಗಟು ಬಿಡಿಸಿ ಅಣ್ಣನನ್ನೇ ಕೇಳಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಅವನಿಗಿಂತ ಮುಂದೆ ಪಾಳೆಯಗಾರನ ಮಗ ನಿಂತಿದ್ದ. ದೊರೆ ಆಕಳಿಸುತ್ತಲೇ ಕೇಳಿದ, "ತೊಳೆದಿಟ್ಟರೆ ಕೆಡುತ್ತೆ, ತೊಳೆಯದೆ ಇಟ್ಟರೆ ಬಾಳುತ್ತೆ. ಏನದು?"

"ಬಣ್ಣದ ಚಿತ್ರ!"

"ತಲೆಕೆಳಗಾಗಿ ನಿಂತರೆ ಹೆಚ್ಚು ದಿನ ಬಾಳುತ್ತೆ. ಏನು?"

"ಬಾವಲಿ!"

"ತಣ್ಣನೆಯ ನೆಲಮಾಳಿಗೆಯಿಂದ ಬಂದದ್ದು, ಕುದಿನೀರಿಗಿಳಿದರೂ ಒಡೆಯಬಾರದು. ಏನದು, ಹೇಗೆ?"

"ಕಬ್ಬಿಣದ ಗುಂಡು!"

ಭಟರು ಅವನನ್ನೂ ಎಳೆದುಕೊಂಡು ಹೋದರು. ಅಯ್ಯೋ, ಮೂರು ಒಗಟಿಗೆ ಮೂರು ಉತ್ತರ ಇರಲೇಬೇಕೆಂದು ಎಲ್ಲರೂ ಹಿಡಿದದ್ದೇ ಹಟ!

"ಬುದ್ಧೀ," ಎಂದ ಸಣ್ಣೀರ ಸುಸ್ತಾದ ದನಿಯಲ್ಲಿ, "ನಾನು ಸೆರೆಯಲ್ಲಿರೋ ಜವರನ ತಮ್ಮ. ಮೂರೂ ಮೊಟ್ಟೆಯೇ. ಅದರ ಮೈಮೇಲೆ ಹುಟ್ಟಿನಿಂದಲೇ ಒಂದು ತೆಳು ಹೊದಿಕೆ ಇರುತ್ತೆ. ತೊಳೆದರೆ ಅದು ಹೋಗಿ ಕೊಳೆ ಒಳಗಿಳಿಯುತ್ತೆ. ನಾವು ರಾಗಿ ಮಡಕೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಹೂತಿಡ್ತೀವಿ. ದಪ್ಪ ತುದಿಯಲ್ಲಿ ಗಾಳಿ ಇರುತ್ತಲ್ಲ, ಅದು ಮೇಲೇ ನಿಲ್ಲಬೇಕು."

ದೊರೆ ನೆಟ್ಟಗೆ ಕೂತ. "ಮೂರನೆಯದನ್ನು ಮಾಡಿ ತೋರಿಸು. ಒಡೆದರೆ ಅಣ್ಣನ ಜೊತೆ ನೀನೂ!"

ಕುದಿಯುವ ಹಂಡೆ ಬಂತು, ನೆಲಮಾಳಿಗೆಯ ಮೊಟ್ಟೆ ಬಂತು. ಸಣ್ಣೀರ ಹೆಗಲ ಮೇಲಿನ ವಲ್ಲಿ ಹಾಸಿ, ಅದನ್ನು ಅದರ ಮೇಲಿಟ್ಟು, ಕಂಬಕ್ಕೆ ಒರಗಿ ಕೂತುಬಿಟ್ಟ. ಸಭೆ ನಕ್ಕಿತು. ಬಿಸಿಲು ಗೋಡೆ ಹತ್ತುತ್ತಿತ್ತು. ಹೊರಗೆ ಅಣ್ಣನ ಸಾವಿಗೆ ತಮಟೆ ಶುರುವಾಯಿತು.

"ಲೋ, ಹೊತ್ತು ಮುಳುಗ್ತಿದೆ, ಹಾಕೋ!" ಎಂದ ದೊರೆ.

ಸಣ್ಣೀರ ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದ. "ಇನ್ನೂ ತಣ್ಣಗಿದೆ, ಬುದ್ಧೀ." ಮತ್ತೆ ವಲ್ಲಿಯ ಮೇಲಿಟ್ಟು ಕಾದ.

ಆಮೇಲೆ ಇನ್ನೊಮ್ಮೆ ಕೆನ್ನೆಗೆ ಒತ್ತಿದ. ತಂಪು ಬಿಟ್ಟಿತ್ತು. ಸೌಟಿನಲ್ಲಿಟ್ಟು ಮೆಲ್ಲಗೆ ನೀರಿಗಿಳಿಸಿದ. ಬೆಂದು ಮೇಲೆ ಬಂದಾಗ ಒಂದು ಬಿರುಕೂ ಬಿಟ್ಟಿರಲಿಲ್ಲ.

"ತಣ್ಣಗಿದ್ದದ್ದನ್ನ ಥಟ್ಟನೆ ಹಾಕಿದರೆ ಒಡೆಯುತ್ತೆ. ಹಾಗಂತ ದಿನಗಟ್ಟಲೆ ಹೊರಗೆ ಬಿಟ್ಟರೆ ಕೆಡುತ್ತೆ. ಹದ ನೋಡಿ ಕಾಯಬೇಕು, ಅಷ್ಟೇ."

"ನನ್ನ ರಾಜ್ಯದಲ್ಲಿ ಕಾಯೋನು ಒಬ್ಬನಾದರೂ ಇದ್ದಾನಾ ಅಂತ ಹುಡುಕಿ ಹುಡುಕಿ ಬೇಸತ್ತಿದ್ದೆ. ಅರ್ಧ ರಾಜ್ಯ ಕೇಳು!"

"ನಮ್ಮಣ್ಣನನ್ನ ಬಿಡಿ, ಬುದ್ಧೀ. ಆಮೇಲೆ ಇಲ್ಲೇ ಸ್ವಲ್ಪ ಮಲಗ್ತೀನಿ."

ದೊರೆ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ಓಡೋಡಿ ಬಂದ ಜವರ ತಮ್ಮನನ್ನು ಎಬ್ಬಿಸಲು ಭುಜದ ಮೇಲೆ ಕೈಯಿಟ್ಟ. ಯಾಕೋ ಹಿಂದೆ ತೆಗೆದುಕೊಂಡ. ಪಕ್ಕದಲ್ಲೇ ಕೂತು, ಹುಟ್ಟಿದಾಗಿನಿಂದ ಮೊದಲ ಸಲ, ಕಾದ.