ಏಳು ಸಾಲು ನುಂಗಿದ ಚಿಕ್ಕೀರಯ್ಯ

ಬಹಳ ಹಿಂದೆ, ಹೊಳೆ ತಿರುಗುವ ಕಡೆ ಒಂದು ಊರಿತ್ತಂತೆ. ನಲವತ್ತು ಮನೆ. ನಲವತ್ತು ಮನೆಯಲ್ಲೂ ಮಡಕೆ ಮಾಡುವ ತಿಗರಿ, ಮಡಕೆ ಸುಡಲು ಊರಿಗೆಲ್ಲ ಒಂದೇ ಆವಗೆ. ಅದಕ್ಕೇ ಊರಿನ ಹೆಸರು ಆವಗೆಕಟ್ಟೆ. ಯಾವ ಕಾಲ, ಯಾವ ರಾಜ ಅಂತ ಕೇಳಬೇಡಿ. ಬಿಳಿ ದೊರೆಗಳು ಕುದುರೆ ಮೇಲೆ ಬರುತ್ತಿದ್ದರು, ನಮ್ಮವರು ಎದ್ದು ನಿಲ್ಲುತ್ತಿದ್ದರು, ಅಂಥ ಕಾಲ.

ಆ ಊರಲ್ಲಿ ಚಿಕ್ಕೀರಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನ ಕಥೆ ಹೇಳು ಅಂತ ದುಂಬಾಲು ಬಿದ್ದಿದ್ದೀರಿ. ಹೇಳುತ್ತೇನೆ. ಆದರೆ ಬೇರೆಯವರ ಬಾಯಲ್ಲಿ ನೀವು ಕೇಳಿದ ಹಾಗೆ ಹೇಳುವುದಿಲ್ಲ. ಅವರೆಲ್ಲ ಅವನನ್ನು ಒಯ್ದು ದೇವರ ಪಕ್ಕದಲ್ಲಿ ಕೂರಿಸಿದ್ದಾರೆ. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ. ಅವನೊಬ್ಬನ ಮೇಲೆ ಅಲ್ಲ, ಊರಿನ ಮೇಲೂ ಇದೆ, ಆ ದೊರೆಯ ಮೇಲಂತೂ ಕೇಳಲೇಬೇಡಿ. ಸಿಟ್ಟಿಲ್ಲದೆ ಈ ಕಥೆ ಹೇಳುವವರು ಇದನ್ನು ಸರಿಯಾಗಿ ಕೇಳಿಲ್ಲ ಅಂತ ನನ್ನ ಲೆಕ್ಕ.

ಚಿಕ್ಕೀರಯ್ಯ ಹರೆಯದಲ್ಲಿ ಅಣ್ಣನ ಜೊತೆ ಜಗಳ ಮಾಡಿಕೊಂಡು ಊರು ಬಿಟ್ಟನಂತೆ. ನೆಲ ಅಳೆಯುವ ಒಬ್ಬ ದೊರೆಯ ಹಿಂದೆ ಸರಪಳಿ ಎಳೆಯಲು ಹೋದ. ಎಂಟು ವರ್ಷ ದೊರೆಯ ಡೇರೆಯಲ್ಲಿ ಇದ್ದ. ಬೂಟು ಒರೆಸಿದ, ಚಹಾ ಕಾಸಿದ, ಬೈಗುಳ ತಿಂದ. ಕಿವಿ ಚುರುಕಾಗಿತ್ತು, ಇಂಗ್ಲಿಷ್ ಬಂತು. ಓದಲೂ ಬಂತು. ಎಂಟು ವರ್ಷ ಆದಮೇಲೆ ಮೈಮೇಲೊಂದು ಕೋಟು ಹಾಕಿಕೊಂಡು ಊರಿಗೆ ತಿರುಗಿ ಬಂದ.

ಬಂದದ್ದೇ ತಡ, ಊರು ಅವನನ್ನು ತಲೆ ಮೇಲೆ ಹೊತ್ತುಕೊಂಡಿತು. ಮದುವೆ ಮನೆಗೆ ಕರೆದು, ಎರಡು ಮಾತು ಇಂಗ್ಲಿಷಲ್ಲಿ ಆಡು ಅನ್ನುತ್ತಿದ್ದರು. ಅವನು ಗಡಗಡ ಆಡುತ್ತಿದ್ದ. ಗಡಗಡ, ಅದೇ ಮುಖ್ಯ. ಆವಗೆಕಟ್ಟೆಯವರು ಇಂಗ್ಲಿಷನ್ನು ಅಳೆಯುತ್ತಿದ್ದದ್ದು ವೇಗದಲ್ಲಿ. ಉಸಿರು ಬಿಡದೆ ಆಡಿದರೆ ದೊಡ್ಡ ಪಂಡಿತ, ನಡುವೆ ಒಂದು ಸಲ ನಿಂತರೆ ಅರೆಬರೆ. ಏನು ಹೇಳಿದೆ ಅಂತ ಒಬ್ಬರೂ ಕೇಳಲಿಲ್ಲ. ಅವನ ಇಂಗ್ಲಿಷ್ ಕೇಳಿ ದೊರೆಯ ಕುದುರೆ ತಲೆ ಬಗ್ಗಿಸಿತಂತೆ. ಹಾಗಂತಾರೆ. ಹಾವು ಕಚ್ಚಿದವನ ಕಿವಿಯಲ್ಲಿ ಇಂಗ್ಲಿಷ್ ಹೇಳಿದಾಗ ವಿಷ ಇಳಿಯಿತಂತೆ. ಹಾಗಂತಾರೆ. ಸುಳ್ಳು. ಹಾವು ಕಚ್ಚಿದವನು ಸತ್ತ.

ಚಿಕ್ಕೀರಯ್ಯನಿಗೆ ಬರುತ್ತಿದ್ದದ್ದು ಡೇರೆಯ ಇಂಗ್ಲಿಷ್. ತಿನ್ನುವುದು, ಉಡುವುದು, ದಾರಿ, ಮಳೆ, ಕುದುರೆ, ಬೈಗುಳ. ಅದು ಅವನಿಗೂ ಗೊತ್ತಿತ್ತು. ಆದರೆ ತಲೆ ಮೇಲೆ ಕೂತವನು ಇಳಿಯುತ್ತಾನೆಯೇ? ಇಳಿಯಲಿಲ್ಲ.

ಹೀಗಿರುವಾಗ ಹೊಳೆಯಾಚೆ ಒಬ್ಬ ದೊರೆ ಹಂಚಿನ ಕಾರ್ಖಾನೆ ಹಾಕಿದ. ಹಂಚಿಗೆ ಜೇಡಿಮಣ್ಣು ಬೇಕು. ಊರ ತೆಂಕಣ ದಿಕ್ಕಿಗೆ ನಮ್ಮ ಜೇಡಿಹೊಲ ಇತ್ತು. ಬೆಣ್ಣೆಯಂಥ ಮಣ್ಣು ಅದು, ಅಜ್ಜ ಮುತ್ತಜ್ಜರ ಕಾಲದಿಂದ ನಲವತ್ತು ತಿಗರಿಗೂ ಅದೇ ಮಣ್ಣು. ದೊರೆಯ ಗುಮಾಸ್ತ ಇಂಗ್ಲಿಷ್ ಕಾಗದ ಹಿಡಿದುಕೊಂಡು ಬಂದ. ದೊರೆ ಒಂದಿಷ್ಟು ಮಣ್ಣು ತೆಗೆದುಕೊಳ್ಳುತ್ತಾರೆ, ಬದಲಿಗೆ ಊರ ಚಾವಡಿಗೆ ಹಂಚು ಹೊದಿಸಿಕೊಡುತ್ತಾರೆ, ಎಲ್ಲರೂ ಹೆಬ್ಬೆಟ್ಟು ಒತ್ತಿ ಅಂದ. ನಮ್ಮಲ್ಲೇ ಓದುವವನಿದ್ದಾನೆ ಅಂತ ಊರವರು ಎದೆ ಉಬ್ಬಿಸಿ ಚಿಕ್ಕೀರಯ್ಯನನ್ನು ಕರೆದರು.

ಚಾವಡಿ ತುಂಬ ಜನ. ಚಿಕ್ಕೀರಯ್ಯ ಕೋಟು ಹಾಕಿಕೊಂಡು ನಿಂತು ಓದಿದ. ಗಡಗಡ ಓದಿದ. ಮೊದಲ ನಾಲ್ಕು ಸಾಲು ತಿಳಿಯಿತು, ಕೊನೆಯ ಎರಡು ಸಾಲೂ ತಿಳಿಯಿತು. ನಡುವೆ ಏಳು ಸಾಲು. ಆ ಏಳು ಸಾಲಿನಲ್ಲಿ ಅವನಿಗೆ ಗೊತ್ತಿದ್ದ ಮಾತುಗಳೂ ಇದ್ದವು, ಆದರೆ ಡೇರೆಯಲ್ಲಿ ಒಂದು ಕೆಲಸ ಮಾಡುವ ಮಾತು ಆ ಕಾಗದದಲ್ಲಿ ಇನ್ನೇನೋ ಕೆಲಸ ಮಾಡುತ್ತಿತ್ತು. ಒಂದಕ್ಕೊಂದು ಕೂಡಲಿಲ್ಲ. ಇದನ್ನು ಆಮೇಲೆ ಅವನೇ ಹೇಳಿದ್ದು. ಆದರೂ ನಾಲಿಗೆ ನಿಲ್ಲಲಿಲ್ಲ. ಏಳು ಸಾಲನ್ನೂ ಗಡಗಡ ಬಾಯಲ್ಲಿ ಉರುಳಿಸಿ, ಅರ್ಥ ಹೇಳುವಾಗ ಗುಮಾಸ್ತ ಹೇಳಿದ್ದನ್ನೇ ತಿರುಗಿಸಿ ಹೇಳಿಬಿಟ್ಟ.

ಸಿದ್ದವ್ವ ಅಂತ ಒಬ್ಬ ಹೆಂಗಸು ಅಲ್ಲಿದ್ದಳು. ಅವನಿಗೆ ವರಸೆಯಲ್ಲಿ ಅತ್ತೆ. ತಿಗರಿ ಮುಂದೆ ಕೂತರೆ ಗಂಡಸರನ್ನೂ ಮೀರಿಸುವ ಕೈ ಅವಳದು. ಓದಿದ್ದು ಇಷ್ಟುದ್ದ, ಅರ್ಥ ಇಷ್ಟೇನಾ, ನಡುವೆ ಇರುವುದು ಏನು ಅಂತ ಕೇಳಿದಳು. ಅದು ಕಾಗದದ ಶಾಸ್ತ್ರ, ಎಲ್ಲಾ ಕಾಗದದಲ್ಲೂ ಇರುತ್ತದೆ, ಹೆಂಗಸರಿಗೆ ತಿಳಿಯುವಂಥದ್ದಲ್ಲ ಅಂದುಬಿಟ್ಟ ಚಿಕ್ಕೀರಯ್ಯ. ಚಾವಡಿಗೆ ಚಾವಡಿಯೇ ನಕ್ಕಿತು. ನಕ್ಕರು, ಕೇಳಿಸಿಕೊಳ್ಳಿ! ನಕ್ಕು ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಆ ನಗುವನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಳೆಗಾಲ ಕಳೆದು ಮಣ್ಣು ಅಗೆಯಲು ಹೋದರೆ ಜೇಡಿಹೊಲದ ಸುತ್ತ ಕಲ್ಲು ನೆಟ್ಟಿತ್ತು, ಕಾವಲಿನವರು ದೊಣ್ಣೆ ಹಿಡಿದು ನಿಂತಿದ್ದರು. ಈ ಕಲ್ಲಿನೊಳಗೆ ಇನ್ನು ಆವಗೆಕಟ್ಟೆಯವರು ಯಾರೂ ಯಾವ ಕಾಲಕ್ಕೂ ಮಣ್ಣು ಮುಟ್ಟುವ ಹಾಗಿಲ್ಲ, ನೀವೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದೀರಿ ಅಂದರು. ಆ ಏಳು ಸಾಲಿನಲ್ಲಿ ಇದ್ದದ್ದು ಅದೇ.

ನಲವತ್ತು ತಿಗರಿ ನಿಂತವು. ಆವಗೆಯಲ್ಲಿ ನಾಯಿ ಮಲಗಿತು. ಕೈಯಲ್ಲಿ ಕಸುಬು ಇದ್ದವರು ಕಾರ್ಖಾನೆಯಲ್ಲಿ ನಮ್ಮದೇ ಮಣ್ಣನ್ನು ಹೊರಲು ಕೂಲಿಗೆ ಹೋದರು. ಅದೇ ವರ್ಷ ಸಿದ್ದವ್ವನ ಗಂಡ ತೀರಿಕೊಂಡ. ಹೆಣದ ಮುಂದೆ ಬೆಂಕಿ ಹಿಡಿದು ನಡೆಯಲು ಹೊಸ ಮಡಕೆ ಬೇಕು. ಊರಲ್ಲಿ ಒಂದೂ ಇರಲಿಲ್ಲ. ಕುಂಬಾರರ ಊರಿನ ಹೆಣ ಮಡಕೆಗಾಗಿ ಕಾಯುತ್ತಾ ಬಿಸಿಲಲ್ಲಿ ಬಿದ್ದಿತ್ತು, ಪಕ್ಕದೂರಿಂದ ಮಡಕೆ ತರುವ ತನಕ.

ಮಣ್ಣು ಮಾಡಿ ಬಂದವಳೇ ಸಿದ್ದವ್ವ ನೇರ ಚಿಕ್ಕೀರಯ್ಯನ ಬಾಗಿಲಿಗೆ ಹೋದಳು. ಅವಳಾಡಿದ ಮಾತು ಮಾತ್ರ ನಮ್ಮ ಮನೆಯಲ್ಲಿ ಒಂದಕ್ಷರ ಬದಲಾಗದೆ ಉಳಿದಿದೆ.

"ಏನ್ಲಾ ಚಿಕ್ಕೀರ, ಮಧ್ಯದಲ್ಲಿರೋದು ಏನಪ್ಪಾ ಅಂತ ಅವತ್ತೇ ಕೇಳ್ದೆ. ಗೊತ್ತಿಲ್ಲ ಕಣತ್ತೆ ಅಂತ ಒಂದ್ ಮಾತು ಅಂದಿದ್ರೆ ನಿನ್ ನಾಲ್ಗೆ ಬಿದ್ದೋಗ್ತಿತ್ತಾ? ಕುಂಬಾರ್ರೂರಲ್ಲಿ ಹುಟ್ಟಿ ನನ್ ಗಂಡ ಬೇರೆಯೋರ ಮಡಕೇಲಿ ಹೋದ ಕಣೋ."

ಅವನು ಕೋಟು ಬಿಚ್ಚಿ ಒಲೆಗೆ ಹಾಕಿದನಂತೆ. ಮಾರನೆಯ ಬೆಳಗ್ಗೆ ಊರಲ್ಲಿ ಇರಲಿಲ್ಲ.

ಪೇಟೆಯಲ್ಲಿ ನಾರಣಪ್ಪ ಅಂತ ಒಬ್ಬ ಮುದುಕ ಇದ್ದನಂತೆ, ಕಚೇರಿಯ ಇಂಗ್ಲಿಷ್ ಕಾಗದಗಳನ್ನು ನಕಲು ಮಾಡಿ ಮಾಡಿ ಬೆನ್ನು ಬಾಗಿದವನು. ಚಿಕ್ಕೀರಯ್ಯ ಅವನ ಮನೆಯ ಕಟ್ಟಿಗೆ ಒಡೆದ, ಹಿತ್ತಿಲು ಗುಡಿಸಿದ, ಇಂಗ್ಲಿಷ್ ಕಲಿಸಿ ಅಂದ. ನಿನಗೆ ಇಂಗ್ಲಿಷ್ ಬರುತ್ತದಲ್ಲ ಅಂದ ಮುದುಕ. ಬರುತ್ತದೆ, ಅದೇ ತಾಪತ್ರಯ ಅಂದನಂತೆ ಚಿಕ್ಕೀರಯ್ಯ.

ಮುದುಕ ಜಗಲಿ ಮೇಲೆ, ಇವನು ಅಂಗಳದಲ್ಲಿ. ಕುಂಬಾರನ ಕೈಗೆ ಬರೆಯಲು ಕಾಗದ ಯಾರು ಕೊಡುತ್ತಾರೆ? ಕೊಡಲಿಲ್ಲ. ಇವನು ಹಿತ್ತಿಲ ಮಣ್ಣನ್ನೇ ತುಳಿದು ಬಿಲ್ಲೆ ತಟ್ಟಿದ. ಒಂದು ಮಾತಿಗೆ ಒಂದು ಬಿಲ್ಲೆ. ಮುಂದುಗಡೆ ಮುಳ್ಳಿನಿಂದ ಮಾತು ಗೀರುವುದು, ಹಿಂದುಗಡೆ ಅದನ್ನು ಮುದುಕನ ಯಾವ ಕಾಗದದಲ್ಲಿ ಕಂಡೆ ಅನ್ನುವುದು. ಆಮೇಲೆ ಆ ಮಾತನ್ನು ಸೇರಿಸಿ ತನ್ನದೇ ಒಂದು ವಾಕ್ಯ ಕಟ್ಟಿ ನಾರಣಪ್ಪನ ಮುಂದೆ ಆಡುವುದು. ತಪ್ಪಾದರೆ ಬಿಲ್ಲೆ ನೀರಿನ ಬಾನಿಗೆ, ಕರಗಿ ಮತ್ತೆ ಮಣ್ಣಾಗಲಿ ಅಂತ. ಮೂರು ಬೇರೆ ಬೇರೆ ಕಾಗದದಲ್ಲಿ ಆ ಮಾತು ಕಾಣಬೇಕು, ಮೂರು ಸಲ ಇವನ ಬಾಯಲ್ಲಿ ಸರಿಯಾಗಿ ಬರಬೇಕು. ಆಮೇಲೇ ಬಿಲ್ಲೆಯನ್ನು ಒಲೆಯಲ್ಲಿ ಸುಡುವುದು. ಸುಟ್ಟ ಬಿಲ್ಲೆ ಮಾತ್ರ ಬುಟ್ಟಿಗೆ.

ಹೊಸ ಮಾತಿನ ಕಷ್ಟ ಅಷ್ಟಿರಲಿಲ್ಲವಂತೆ. ಎಂಟು ವರ್ಷ ಗಡಗಡ ಆಡಿದ ಹಳೆಯ ಮಾತುಗಳಿದ್ದವಲ್ಲ, ಅವುಗಳಿಗೂ ಬಿಲ್ಲೆ ತಟ್ಟು ಅಂದ ಮುದುಕ. ತಟ್ಟಿದ. ಅರ್ಧಕ್ಕರ್ಧ ನೀರಿಗೆ ಬಿದ್ದವು. ತನಗೆ ಬರುತ್ತದೆ ಅಂದುಕೊಂಡದ್ದು ಬಾನಿಯಲ್ಲಿ ಕರಗುವುದನ್ನು ನೋಡುತ್ತಾ ಕೂರುತ್ತಿದ್ದನಂತೆ. ಅಳುತ್ತಿದ್ದ ಅನ್ನುತ್ತಾರೆ. ಅತ್ತಿರಲಿ. ಹೆಚ್ಚುಕಡಿಮೆ ಸರಿ ಇದೆಯಲ್ಲ ಅಂತ ಒಂದು ದಿನ ಅಂದುಬಿಟ್ಟನಂತೆ. ನಾರಣಪ್ಪ ಕೋಲು ತೆಗೆದುಕೊಂಡು ಆ ದಿನದ ಬಿಲ್ಲೆಗಳನ್ನೆಲ್ಲ ಪುಡಿ ಮಾಡಿದ. ನಿಮ್ಮೂರಿನ ಮಣ್ಣು ಹೋದದ್ದು ಹೆಚ್ಚೋ ಕಡಿಮೆಯೋ ಅಂತ ಕೇಳಿದ.

ಮೂರು ಮಳೆಗಾಲ ಕಳೆದವು. ಏಳು ಬುಟ್ಟಿ ಬಿಲ್ಲೆ ಆಯಿತಂತೆ. ಕೆಲವರು ಎಪ್ಪತ್ತು ಅಂತಾರೆ. ಚಿಕ್ಕೀರಯ್ಯ ಊರಿಗೆ ಬಂದು, ಚಾವಡಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದ ತೆಗೆಸಿ, ಎಲ್ಲರ ಮುಂದೆ ಮತ್ತೆ ಓದಿದ. ಒಂದೊಂದೇ ಮಾತು, ಒಂದೊಂದಕ್ಕೂ ಅರ್ಥ. ಈಗ ಸರಿಯಾಗಿ ಓದಿದ್ದಾನೆ, ಎಲ್ಲಾದರೂ ಒಂದು ದಾರಿ ಸಿಗುತ್ತದೆ ಅಂತ ಜನ ಬಾಯಿ ಬಿಟ್ಟುಕೊಂಡು ಕೂತಿದ್ದರು. ಸಿಗಲಿಲ್ಲ. ಕಾಗದ ಗಟ್ಟಿಯಾಗಿತ್ತು. ಅವನು ಬರೆದ ಅರ್ಜಿ ಓದಿ ಮೇಲಿನ ದೊರೆ ಕಣ್ಣೀರು ಹಾಕಿದ, ಮಣ್ಣು ತಿರುಗಿ ಕೊಟ್ಟ ಅಂತ ಕಥೆ ಕಟ್ಟಿದ್ದಾರೆ. ಸುಳ್ಳು! ಒಂಬತ್ತು ಅರ್ಜಿ ಬರೆದ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದ. ಒಂದಕ್ಕೂ ಉತ್ತರ ಬರಲಿಲ್ಲ.

ಬಂದದ್ದು ಇನ್ನೊಂದು ಕಾಗದ. ಅದೇ ಗುಮಾಸ್ತ, ಈ ಸಲ ಹಿಂದೆ ಕುದುರೆ ಮೇಲೆ ದೊರೆಯೂ ಇದ್ದ. ಊರಿಗೆ ಕಲ್ಲುಬಾವಿ ಕಟ್ಟಿಸಿಕೊಡುತ್ತೇವೆ, ಹೆಬ್ಬೆಟ್ಟು ಒತ್ತಿ ಅಂದರು. ಬೇರೆ ಗತಿಯಿಲ್ಲದೆ ಊರವರು ಚಿಕ್ಕೀರಯ್ಯನನ್ನೇ ಕರೆದರು. ಬೆಳಗ್ಗೆ ಶುರುಮಾಡಿದವನು ಸೂರ್ಯ ನೆತ್ತಿಗೆ ಬಂದರೂ ಅರ್ಧ ಕಾಗದದಲ್ಲೇ ಇದ್ದ. ದೊರೆ ಕುದುರೆ ಮೇಲೆ ಚಡಪಡಿಸಿದ. ನಮ್ಮ ಹುಡುಗರಿಗೇ ನಾಚಿಕೆಯಾಯಿತಂತೆ, ಮೂರು ವರ್ಷ ಓದಿ ಇವನಿಗೆ ಇದ್ದ ಇಂಗ್ಲಿಷೂ ಹೋಯಿತು ಅಂತ ಗೊಣಗಿದರಂತೆ.

ಆಗ ಒಂದು ಮಾತಿಗೆ ಬಂದು ನಿಂತ. ಅದನ್ನು ಎಲ್ಲೋ ಒಂದು ಸಲ ಕೇಳಿದ್ದ. ಇಂಥದ್ದೇ ಇರಬೇಕು ಅಂತ ಅಂದಾಜೂ ಇತ್ತು. ಅಂದಾಜನ್ನೇ ಹೇಳಿಬಿಟ್ಟಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಊರು ನೋಡುತ್ತಿದೆ, ದೊರೆ ನೋಡುತ್ತಿದ್ದಾನೆ. ಚಿಕ್ಕೀರಯ್ಯ ತಲೆ ಎತ್ತಿ, ದೂರ ನಿಂತವರಿಗೂ ಕೇಳುವ ಹಾಗೆ, "ಗೊತ್ತಿಲ್ಲ" ಅಂದ. ಅದನ್ನೇ ಇಂಗ್ಲಿಷಲ್ಲಿ ದೊರೆಗೂ ಹೇಳಿದ.

ದೊರೆ ನಕ್ಕ. ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೇ ಅರ್ಥ ಹೇಳುತ್ತೇನೆ ಬಾ ಅಂದ. ನಿಮ್ಮ ಬಾಯಿಂದ ಬೇಡ ಅಂದ ಚಿಕ್ಕೀರಯ್ಯ. ಊರವರು ತಲೆ ತಗ್ಗಿಸಿದರು. ಸಿದ್ದವ್ವ ಒಬ್ಬಳು ಎದ್ದು ನಿಂತು, "ಈಗ ಓದ್ದೆ ನೋಡು ನೀನು" ಅಂದಳಂತೆ.

ಅವನು ಆ ಮಾತಿನ ಮೇಲೆ ನಾರಣಪ್ಪನ ಹಿತ್ತಿಲ ಮಣ್ಣಿನ ಒಂದು ಹಸಿ ಬಿಲ್ಲೆ ಇಟ್ಟು ಪೇಟೆಗೆ ನಡೆದ. ಕಾಗದವನ್ನು ಗುಮಾಸ್ತ ಎತ್ತಿಕೊಂಡು ಹೋಗದ ಹಾಗೆ ಸಿದ್ದವ್ವ ಹೆಂಗಸರನ್ನು ಸುತ್ತ ಕೂರಿಸಿದಳು. ಪೇಟೆಯಲ್ಲಿ ನಾರಣಪ್ಪ ಅರ್ಥ ಹೇಳಿದ. ಚಿಕ್ಕೀರಯ್ಯ ಅಷ್ಟಕ್ಕೇ ಬಿಡಲಿಲ್ಲ, ಇನ್ನೂ ಎರಡು ಕಡೆ ಕೇಳಿದ. ಮೂರನೆಯ ದಿನ ಬಂದು ಬಿಲ್ಲೆ ಎತ್ತಿ ಉಳಿದದ್ದನ್ನು ಓದಿದ. ಬಿಲ್ಲೆಯ ಅಡಿಯಲ್ಲಿದ್ದ ಮಾತಿಗೆ ಬಿಟ್ಟುಕೊಡುವುದು ಅಂತ ಅರ್ಥ. ನಲವತ್ತು ಮನೆಗಳ ಅಡಿಯಲ್ಲೂ ಮನೆ ಕೆಡವಿದರೇ ಸಿಗುವಷ್ಟು ಆಳದಲ್ಲಿ ಜೇಡಿಮಣ್ಣಿದೆ, ಮುಂದಿನ ಮಳೆಗಾಲದೊಳಗೆ ಮನೆಗಳನ್ನು ಬಿಟ್ಟುಕೊಟ್ಟು ಹೋಗಲು ನಾವೆಲ್ಲ ಸ್ವಂತ ಮನಸ್ಸಿನಿಂದ ಒಪ್ಪಿದ್ದೇವೆ ಅಂತ ಬರೆದಿತ್ತು. ಸ್ವಂತ ಮನಸ್ಸಿನಿಂದ!

ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ದೊರೆ ಬೈದ, ಗುಮಾಸ್ತ ಬೆದರಿಸಿದ. ಬಂದ ಕಾಗದ ಬಂದ ಹಾಗೇ ತಿರುಗಿ ಹೋಯಿತು. ಮನೆಗಳು ಉಳಿದವು. ನೀವು ಈಗ ಕೂತಿರುವ ಈ ಜಗಲಿ ಆ ನಲವತ್ತರಲ್ಲಿ ಒಂದು.

ಇವತ್ತಿಗೂ ಆವಗೆಕಟ್ಟೆಗೆ ಯಾವ ಕಾಗದ ಬಂದರೂ ಚಾವಡಿಯಲ್ಲಿ ನಿಧಾನವಾಗಿ ಓದಬೇಕು. ಗಡಗಡ ಓದಿದರೆ ನಾವು ಎದ್ದು ಹೋಗುತ್ತೇವೆ. ಓದುವವರು ಒಂದು ಕಡೆಯಾದರೂ ನಿಂತು ಗೊತ್ತಿಲ್ಲ ಅನ್ನಬೇಕು, ಅನ್ನದಿದ್ದರೆ ಕಾಗದ ಇನ್ನೊಬ್ಬರ ಕೈಗೆ ಹೋಗುತ್ತದೆ. ಅಂದ ಕೂಡಲೇ ಹೆಂಗಸರೆಲ್ಲ "ಈಗ ಓದ್ದೆ ನೋಡು" ಅನ್ನುತ್ತೇವೆ. ಆ ಮಾತಿನ ಮೇಲೆ ಹಸಿ ಬಿಲ್ಲೆ ಇಡುತ್ತೇವೆ, ಮೂರು ಕಡೆ ಕೇಳಿಕೊಂಡು ಬರುವ ತನಕ ತೆಗೆಯುವುದಿಲ್ಲ. ಆಫೀಸಿನವರು ಗಡಿಯಾರ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಆ ಬಿಲ್ಲೆಗೆ ಬೇಕಾದ ಒಂದು ಹಿಡಿ ಮಣ್ಣನ್ನು ಮಾತ್ರ ಈಗಲೂ ಪಕ್ಕದೂರಿನವರನ್ನು ಕೇಳಿ ತರುತ್ತೇವೆ.